ಏಳು ಚೀಲ ಕಾಫಿ, ಯಾರ ಖಾತೆಗೆ?

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿದ್ದರೆ ಒಂದು ಕೆಲಸ ಮಾಡಿ. ಮುಂದೆ ಹೋಗ್ತಿರೋ ಲಾರಿಯನ್ನು ಒಮ್ಮೆ ಸರಿಯಾಗಿ ನೋಡಿ. ಟಾರ್ಪಾಲ್, ಅದರ ಮೇಲೆ ಅಡ್ಡಡ್ಡ ಬಿಗಿದ ಹಗ್ಗ, ಕೆಳಗೆ ಮಣ್ಣು ಮೆತ್ತಿದ ನಂಬರ್ ಪ್ಲೇಟು. ಡ್ರೈವರ್‌ಗೆ ಎಡಕ್ಕೊಂದು ಬಲಕ್ಕೊಂದು ಕನ್ನಡಿ ಇದೆ. ಆ ಎರಡರಲ್ಲೂ ಕಾಣದ ಜಾಗ ಒಂದಿದೆ, ಲಾರಿಯ ನೇರ ಬೆನ್ನ ಹಿಂದೆ. ಈ ಸಲದ ಕಥೆ ಅಲ್ಲಿ ಶುರುವಾಗುತ್ತೆ.

ನಾನು ಸಖರಾಯಪಟ್ಟಣದವನು. ಕಡೂರಿನಿಂದ ಚಿಕ್ಕಮಗಳೂರಿಗೆ ಹೋಗೋ ದಾರಿಯಲ್ಲಿ ಸಿಗುತ್ತೆ. ಅಯ್ಯನಕೆರೆ ನೋಡೋಕೆ ಬರೋರಿಗೆ ಪರಿಚಯ ಇರುತ್ತೆ, ಉಳಿದವರು ನಮ್ಮೂರನ್ನು ಬಸ್ಸಿನ ಕಿಟಕಿಯಿಂದ ನೋಡಿ ಮುಂದೆ ಹೋಗ್ತಾರೆ. ಈ ರಸ್ತೆಗೆ ಹಳಬರು ಇಟ್ಟ ಹೆಸರು ಕೆ.ಎಂ. ರೋಡ್, ಅಂದರೆ ಕಡೂರು–ಮಂಗಳೂರು ರೋಡ್. ಒಂದು ತುದಿಯಲ್ಲಿ ಬಯಲುಸೀಮೆಯ ತೆಂಗು, ಈರುಳ್ಳಿ. ನಡುವೆ ಕಾಫಿ. ಇನ್ನೊಂದು ತುದಿಯಲ್ಲಿ ಬಂದರು. ನಮ್ಮ ದೊಡ್ಡಪ್ಪ ಮೂವತ್ತು ವರ್ಷ ಈ ರೋಡಲ್ಲಿ ಲಾರಿ ಓಡಿಸಿದರು. ನಾವು 'ರಿಟೈರ್ ಆದರು' ಅಂತೀವಿ. ಅವರು 'ಸ್ಟೇರಿಂಗ್ ಬಿಟ್ಟೆ' ಅಂತಾರೆ.

1997ರ ಜೂನ್. ಕಾಫಿಗೆ ಅದು ಒಳ್ಳೆ ಕಾಲ. ಬೆಳೆಗಾರರು ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೇ ಕೊಡಬೇಕು ಅನ್ನೋ ಹಳೆಯ ಕಟ್ಟುಪಾಡು 1996ರ ಹೊತ್ತಿಗೆ ಹೋಗಿತ್ತು. 1997ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಅರೇಬಿಕಾ ಬೆಲೆ ಪೌಂಡಿಗೆ 3 ಡಾಲರ್ ದಾಟಿತ್ತು. ಖಾಸಗಿ ವ್ಯಾಪಾರಿಗಳು, ಖಾಸಗಿ ಲಾರಿಗಳು, ರಾತ್ರಿ ಹೊತ್ತು ಓಡಾಟ. ದೊಡ್ಡಪ್ಪ 60 ಕೆ.ಜಿ. ಚೀಲಗಳ ಲೋಡ್ ತಗೊಂಡು ಮಂಗಳೂರಿಗೆ ಹೊರಟಿದ್ದರು. ಜೊತೆಗೆ ಕ್ಲೀನರ್, 18 ವರ್ಷದ ಹುಡುಗ. ಚಾರ್ಮಾಡಿ ಘಾಟಿಯಲ್ಲಿ ಮಂಜು, ಮಳೆ. ತಿರುವುಗಳಲ್ಲಿ ಫಸ್ಟ್ ಗೇರ್, ಮನುಷ್ಯ ನಡೆಯೋ ವೇಗ. ಉಜಿರೆಯಲ್ಲಿ ಟೀಗೆ ನಿಲ್ಲಿಸಿ ಹಿಂದೆ ಹೋಗಿ ನೋಡಿದರೆ ಟಾರ್ಪಾಲ್ ಉದ್ದಕ್ಕೆ ಸೀಳಿದೆ, ಹಗ್ಗ ಜೋತಾಡ್ತಿದೆ. ಎಣಿಸಿದರು. ಏಳು ಚೀಲ ಇಲ್ಲ.

ಲಾರಿ ಒಂದು ಕಡೆಯೂ ನಿಂತಿರಲಿಲ್ಲ. 'ಸದ್ದೂ ಕೇಳಲಿಲ್ಲ ಕಣೋ. ಮಳೆ ಟಾರ್ಪಾಲ್ ಮೇಲೆ ಬೀಳೋ ಸದ್ದಿನಲ್ಲಿ ಏನು ಕೇಳುತ್ತೆ?' ಅಂತ ದೊಡ್ಡಪ್ಪ ಇವತ್ತಿಗೂ ಹೇಳ್ತಾರೆ.

ಈ ಕಳ್ಳತನ ನಡೆಯೋ ರೀತಿ ಹೆಚ್ಚುಕಡಿಮೆ ಎಲ್ಲಾ ಕಡೆ ಒಂದೇ. ಏರು ಅಥವಾ ತಿರುವು ನೋಡಿಕೊಂಡು, ಲಾರಿ ನಿಧಾನವಾದಾಗ ಒಬ್ಬ ಹಿಂದಿನಿಂದ ಹತ್ತುತ್ತಾನೆ. ಟಾರ್ಪಾಲ್ ಕುಯ್ದು ಮೂಟೆಗಳನ್ನು ರಸ್ತೆ ಬದಿಗೆ ತಳ್ಳುತ್ತಾನೆ. ಹಿಂದೆ ಲೈಟ್ ಆರಿಸಿಕೊಂಡು ಬರೋ ಟೆಂಪೋ ಅದನ್ನೆಲ್ಲ ಎತ್ತಿಕೊಳ್ಳುತ್ತೆ. ಮಧ್ಯಪ್ರದೇಶದ ದೇವಾಸ್ ಸುತ್ತಮುತ್ತ, ಆಗ್ರಾ–ಮುಂಬೈ ಹೆದ್ದಾರಿಯಲ್ಲಿ ಇಂಥ ಪ್ರಕರಣಗಳು ಎಷ್ಟೋ ವರ್ಷಗಳಿಂದ ವರದಿಯಾಗ್ತಾ ಇವೆ. ಯುರೋಪಿನಲ್ಲಿ ರಸ್ತೆ ಚೆನ್ನಾಗಿದೆ, ಲಾರಿ ಜೋರಾಗಿ ಓಡುತ್ತೆ, ಕಳ್ಳರೂ ಅಷ್ಟೇ ಜೋರು. 2017ರ ಜುಲೈನಲ್ಲಿ ನೆದರ್ಲೆಂಡ್ಸ್‌ನ ಹೆದ್ದಾರಿಯಲ್ಲಿ ಓಡುತ್ತಿದ್ದ ಲಾರಿಯಿಂದ ಸುಮಾರು 5 ಲಕ್ಷ ಯೂರೋ ಬೆಲೆಯ ಐಫೋನ್‌ಗಳು ಹೋದವು. ವ್ಯಾನನ್ನು ಲಾರಿಯ ಹಿಂದೆ ಇಷ್ಟಿಷ್ಟೇ ಅಂತರದಲ್ಲಿ ಓಡಿಸಿ, ಒಬ್ಬ ಬಾನೆಟ್ ಮೇಲಿಂದ ಹೋಗಿ ಬಾಗಿಲು ತೆಗೆದು ಒಳಗೆ ಇಳಿದಿದ್ದ ಅನ್ನೋದು ಪೊಲೀಸರ ವಿವರಣೆ. ರೊಮೇನಿಯಾದ ಐದು ಜನರನ್ನು ಹಿಡಿದರು. ಸಿನಿಮಾ ನೋಡಿದ ಹಾಗೆ ಇದೆ, ಒಪ್ಪಿದೆ. ಆದರೆ ಅಲ್ಲಿ ಈ ತಂತ್ರಕ್ಕೆ ಬಿದ್ದ ಹೆಸರು ನೋಡಿ: 'ರೊಮೇನಿಯನ್ ರೋಲ್‌ಓವರ್'. ಕಳ್ಳತನದ ಹೆಸರಲ್ಲೇ ಒಂದು ದೇಶದ ಹೆಸರು ಸೇರಿಕೊಂಡಿದೆ. ಇದನ್ನು ನೆನಪಿಟ್ಟುಕೊಳ್ಳಿ.

ನಾನು ಓದಿದ್ದು ಬಿ.ಕಾಂ. ಅಕೌಂಟ್ಸ್ ಕ್ಲಾಸಿನಲ್ಲಿ ಮೊದಲು ಹೇಳಿಕೊಡೋದು ಒಂದು ಮಾತು: ಹೋದ ದುಡ್ಡು ಎಲ್ಲೋ ಒಂದು ಖಾತೆಗೆ ಬೀಳಲೇಬೇಕು, ಗಾಳಿಯಲ್ಲಿ ಮಾಯ ಆಗಲ್ಲ. ಆ ಏಳು ಚೀಲ ಯಾರ ಖಾತೆಗೆ ಬಿತ್ತು ಅಂತ ಹುಡುಕೋಕೆ ಹೋಗಿ ನಾನು ಇತಿಹಾಸಕ್ಕೆ ಬಂದೆ.

ನಮ್ಮೂರಿನಿಂದಲೇ ಶುರು ಮಾಡೋಣ. ಊರ ಹೆಸರಲ್ಲಿ 'ಪಟ್ಟಣ' ಇದೆಯಲ್ಲ, ಹಳೆಯ ಶಾಸನಗಳ ಭಾಷೆಯಲ್ಲಿ ಪಟ್ಟಣ ಅಂದರೆ ಬರೀ ದೊಡ್ಡ ಊರಲ್ಲ, ವ್ಯಾಪಾರದ ಊರು. ಅದಕ್ಕೊಬ್ಬ ಪಟ್ಟಣಸ್ವಾಮಿ ಇರ್ತಿದ್ದ. ಹೊಯ್ಸಳರ ಕಾಲದಲ್ಲಿ ಈ ಸೀಮೆಯಲ್ಲಿ ಅಡಿಕೆ, ಮೆಣಸು, ವೀಳ್ಯದೆಲೆ ಎತ್ತಿನ ಹೇರುಗಳಲ್ಲಿ ಓಡಾಡ್ತಿದ್ದವು. ಹೆಜ್ಜುಂಕ ಅನ್ನೋ ದೊಡ್ಡ ಸುಂಕ ಕಟ್ಟಿ ಮುಂದೆ ಹೋಗಬೇಕಿತ್ತು. ಇವತ್ತಿನ ಟೋಲ್ ಪ್ಲಾಜಾ ಅಂದ್ಕೊಳ್ಳಿ, ಫಾಸ್ಟ್ಯಾಗ್ ಇಲ್ಲ ಅಷ್ಟೇ. ಅಯ್ಯಾವೊಳೆ ಐನೂರ್ವರಂಥ ವರ್ತಕ ಸಂಘಗಳ ಶಾಸನಗಳಲ್ಲಿ ವ್ಯಾಪಾರದಷ್ಟೇ ವೀರತನದ ಮಾತೂ ಬರುತ್ತೆ. ದಾರಿಯಲ್ಲಿ ಮಾಲು ಕಾಯೋದು ವ್ಯಾಪಾರದ್ದೇ ಒಂದು ಭಾಗ, ಅದರ ಖರ್ಚು ವ್ಯಾಪಾರಿಯದ್ದು.

ಮತ್ತೆ ನಮ್ಮ ಕಡೆ ಊರೂರಲ್ಲೂ ವೀರಗಲ್ಲು ಇರುತ್ತಲ್ಲ. ಅದರಲ್ಲಿ ಎಷ್ಟೋ ಕಲ್ಲುಗಳು 'ತುರುಗೊಳ್' ಕಲ್ಲುಗಳು. ಶತ್ರು ಬಂದು ದನ ಹೊಡೆದುಕೊಂಡು ಹೋಗ್ತಾನೆ, ಊರಿನವನೊಬ್ಬ ಬೆನ್ನಟ್ಟಿ ಕಾದಾಡಿ ಸಾಯ್ತಾನೆ. ದನ ಅಂದರೆ ಆ ಕಾಲದ ಸೊತ್ತೂ ಹೌದು, ವಾಹನವೂ ಹೌದು. ಅಂದರೆ ಇವು ಓಡುತ್ತಿರೋ ಮಾಲಿನ ಕಳ್ಳತನದ ದಾಖಲೆಗಳೇ. ನನಗೆ ಇಷ್ಟವಾದದ್ದು ಕಲ್ಲಲ್ಲ, ಅದರ ಜೊತೆ ಬರೋ ಒಂದು ಪದ: ನೆತ್ತರುಗೊಡಗೆ. ಕಾಯೋಕೆ ಹೋಗಿ ಸತ್ತವನ ಮನೆಯವರಿಗೆ ಕೊಡುತ್ತಿದ್ದ ಭೂಮಿ. ಮಾಲು ಹೋಯಿತು, ಕಾಯುವವನೂ ಹೋದ. ಲೆಕ್ಕ ಕಾಯುವವನ ಮನೆಯ ತಲೆಗೆ ಬೀಳಲಿಲ್ಲ, ಊರೋ ಅರಸನೋ ಹೊತ್ತರು. ಎಲ್ಲಾ ಕಾಲದಲ್ಲೂ ಎಲ್ಲರಿಗೂ ಹೀಗೇ ಆಯಿತು ಅಂತ ನಾನು ಹೇಳ್ತಿಲ್ಲ, ಆಳುಕಾಳುಗಳ ಕಥೆ ಕಲ್ಲಿನಲ್ಲಿ ಇರಲ್ಲ. ಆದರೂ ಪದ್ಧತಿ ಅಂತ ಒಂದಿತ್ತು.

ಇಲ್ಲಿ ಅಜ್ಜಂಪುರದ ಕಡೆಗೊಂದು ಸಣ್ಣ ತಿರುವು ತಗೊಳ್ತೀನಿ, ಕ್ಷಮಿಸಿ. ಅಮೃತಮಹಲ್ ಎತ್ತು ಗೊತ್ತಲ್ಲ, ಉದ್ದ ಚೂಪು ಕೊಂಬಿನದು. ಅಜ್ಜಂಪುರದಲ್ಲಿ ಇವತ್ತಿಗೂ ಅದರ ತಳಿ ಕೇಂದ್ರ ಇದೆ. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಯನ್ನು ಹೈದರಾಲಿ ಬೆಳೆಸಿದ, ಟಿಪ್ಪು ಅದಕ್ಕೆ ಅಮೃತಮಹಲ್ ಅಂತ ಹೆಸರಿಟ್ಟು ನಿಯಮಗಳನ್ನು ಮಾಡಿದ. ಹಾಲು ಬೆಣ್ಣೆ ಹೆಸರಿಗೆ. ಈ ದನಗಳ ದೊಡ್ಡ ಕೆಲಸ ಫಿರಂಗಿ, ಮದ್ದುಗುಂಡು, ದವಸ ಎಳೆಯೋದು. ಆ ಕಾಲದ ಮಿಲಿಟರಿ ಟ್ರಕ್ ಇವೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಈ ಮಂದೆಗಳನ್ನು ತಮ್ಮ ಸೈನ್ಯಕ್ಕೆ ಬಳಸಿಕೊಂಡರು. ಸರ್ಕಾರದ ಎತ್ತು ಇಷ್ಟು. ಇದರ ಆಚೆಗೆ ದೊಡ್ಡ ಖಾಸಗಿ ಸಾಗಾಣಿಕೆಯ ಲೋಕ ಇತ್ತು: ಸಾವಿರಾರು ಎತ್ತುಗಳ ಮೇಲೆ ದವಸ ಸಾಗಿಸುತ್ತಿದ್ದ ಲಂಬಾಣಿಗಳು, ಎತ್ತು ಕತ್ತೆಗಳ ಮೇಲೆ ಉಪ್ಪು ಹೇರಿಕೊಂಡು ಕರಾವಳಿಯಿಂದ ಒಳನಾಡಿಗೆ ಬರುತ್ತಿದ್ದ ಕೊರಚರು, ಕೊರಮರು. 1791–92ರ ಯುದ್ಧದಲ್ಲಿ ಟಿಪ್ಪುವಿನ ಮೇಲೆ ಬಂದ ಕಾರ್ನ್‌ವಾಲಿಸ್‌ನ ಸೈನ್ಯಕ್ಕೆ ಕಾಳು ತಂದುಕೊಟ್ಟವರಲ್ಲಿ ಈ ಲಂಬಾಣಿಗಳೇ ಮುಖ್ಯರು. ದಂಡು ಹಸಿದಾಗ ಇವರು ಬೇಕಾಗಿದ್ದರು.

ಇನ್ನು ಕಾನೂನಿಗೆ ಬರೋಣ. ಬಿ.ಕಾಂನಲ್ಲಿ ಬಿಸಿನೆಸ್ ಲಾ ಪೇಪರ್ ಓದಿದವರಿಗೆ ಕ್ಯಾರಿಯರ್ಸ್ ಆಕ್ಟ್ 1865 ಅನ್ನೋ ಹೆಸರು ಕೇಳಿದರೆ ನಿದ್ದೆ ಬರುತ್ತೆ. ಅದರ ಬೇರು ಇಂಗ್ಲೆಂಡಿನಲ್ಲಿದೆ. 1703ರಲ್ಲಿ ಕಾಗ್ಸ್ ಮತ್ತು ಬರ್ನಾರ್ಡ್ ಅನ್ನೋ ಕೇಸಿನಲ್ಲಿ ನ್ಯಾಯಮೂರ್ತಿ ಹೋಲ್ಟ್ ಒಂದು ವಿಷಯ ಖಚಿತ ಮಾಡಿದರು: ಬಾಡಿಗೆಗೆ ಮಾಲು ಸಾಗಿಸುವವನು ದಾರಿಯಲ್ಲಿ ಕಳ್ಳತನವಾದರೂ ನಷ್ಟ ಕಟ್ಟಿಕೊಡಬೇಕು. ಯಾಕೆ ಇಷ್ಟು ಬಿಗಿ? ಇಲ್ಲದಿದ್ದರೆ ಸಾಗಿಸುವವನು ಕಳ್ಳರ ಜೊತೆ ಕೈಜೋಡಿಸಿ ಜನರನ್ನು ಮುಳುಗಿಸಬಹುದು, ಮಾಲಿನ ಯಜಮಾನನಿಗೆ ಅದನ್ನು ಸಾಬೀತು ಮಾಡೋಕೂ ಆಗಲ್ಲ, ಅನ್ನೋದು ಅವರ ವಾದ. ಓದಿದಾಗ ನನಗೆ ದೊಡ್ಡಪ್ಪನ ಮುಖ ನೆನಪಾಯಿತು. ಆ ನಿಯಮ ಹುಟ್ಟಿದ್ದೇ ಒಂದು ಅನುಮಾನದ ಮೇಲೆ.

ನಮ್ಮ 1865ರ ಕಾಯ್ದೆಯಲ್ಲೂ ಅದೇ ಬಂತು. ಮಾಲು ಕಳೆದುಹೋದರೆ ಸಾಗಿಸಿದವನ ನಿರ್ಲಕ್ಷ್ಯವನ್ನು ಯಜಮಾನ ಸಾಬೀತು ಮಾಡಬೇಕಾಗಿಲ್ಲ, ಅದು 9ನೇ ಸೆಕ್ಷನ್. ಲಾರಿ ಬಿಲ್ಟಿಯ ಮೇಲೆ 'ಓನರ್ಸ್ ರಿಸ್ಕ್' ಅಂತ ಸಣ್ಣಕ್ಷರದಲ್ಲಿ ಅಚ್ಚು ಹಾಕಿರ್ತಾರಲ್ಲ, ಅಷ್ಟರಿಂದಲೇ ಟ್ರಾನ್ಸ್‌ಪೋರ್ಟ್‌ನವರು ತಮ್ಮ ನಿರ್ಲಕ್ಷ್ಯದ ಹೊಣೆಯಿಂದ ಪಾರಾಗಲ್ಲ ಅಂತ 2000ದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈಗ ಹಳೇ ಕಾಯ್ದೆಯ ಜಾಗಕ್ಕೆ 2007ರ ಹೊಸ ಕಾಯ್ದೆ ಬಂದಿದೆ.

ಕಾಗದದ ಮೇಲೆ ಹೀಗಾಯಿತು. ಅಂದರೆ ಏಳು ಚೀಲದ ನಷ್ಟ ಮೊದಲು ಬೀಳಬೇಕಾದ್ದು ಟ್ರಾನ್ಸ್‌ಪೋರ್ಟ್ ಯಜಮಾನನ ಖಾತೆಗೆ. ದೊಡ್ಡಪ್ಪ ಯಜಮಾನ ಅಲ್ಲ, ತಿಂಗಳಿಗೆ 1,400 ರೂಪಾಯಿ ಸಂಬಳ, ಮೇಲೆ ದಿನಕ್ಕಿಷ್ಟು ಬಾಟಾ. 1936ರ ವೇತನ ಪಾವತಿ ಕಾಯ್ದೆ ಪ್ರಕಾರ, ಒಪ್ಪಿಸಿದ ಮಾಲು ಕಳೆದರೆ ಸಂಬಳದಿಂದ ಹಿಡಿಯಬಹುದಿತ್ತು, ಆದರೆ ಆ ನಷ್ಟ ಆತನ ನಿರ್ಲಕ್ಷ್ಯದಿಂದಲೇ ಆಗಿರಬೇಕಿತ್ತು. ಹಿಡಿಯೋ ಮೊದಲು ಆತ ತನ್ನ ಮಾತು ಹೇಳೋಕೆ ಅವಕಾಶ ಕೊಡಬೇಕಿತ್ತು. ದೊಡ್ಡಪ್ಪನಿಗೆ ಯಾವ ಅವಕಾಶ? ಯಜಮಾನ 60 ಸಾವಿರದ ಮೇಲೆ ಲೆಕ್ಕ ಬರೆದು ಕೈಗೆ ಕೊಟ್ಟ. ದೊಡ್ಡಮ್ಮನ ಎರಡೆಳೆ ಸರ ಹೋಯಿತು. ಉಳಿದದ್ದಕ್ಕೆ ನಾಲ್ಕು ವರ್ಷ ಸಂಬಳದಲ್ಲಿ ಅರ್ಧ ಕಡಿತ. ಆ ನಾಲ್ಕು ವರ್ಷ ನಮ್ಮ ಅಕ್ಕ, ಅಂದರೆ ದೊಡ್ಡಪ್ಪನ ಮಗಳು, ಹೈಸ್ಕೂಲಿನಲ್ಲಿದ್ದಳು. ಪಿಯುಸಿ ಸೇರಲಿಲ್ಲ.

ಇದು ಒಂದು ಖಾತೆ. ಇನ್ನೊಂದು ಖಾತೆಯ ವಿಷಯ ನಮ್ಮ ಮನೆಯಲ್ಲಿ ಯಾರೂ ಅಷ್ಟಾಗಿ ಮಾತಾಡಲ್ಲ.

ಆ ರಾತ್ರಿ ದೂರು ಕೊಡೋಕೆ ಒಂದು ಠಾಣೆಗೆ ಹೋದಾಗ ಅಲ್ಲಿದ್ದವರು ಕೇಳಿದ ಮೊದಲ ಪ್ರಶ್ನೆ 'ಎಲ್ಲಿ ಮಾರಿದೆ?' ಎರಡನೇ ಪ್ರಶ್ನೆ ಕ್ಲೀನರ್ ಹುಡುಗನಿಗೆ, 'ನೀನು ಯಾವ ಜನ?' ಹುಡುಗ ಹೇಳಿದ, ಕೊರಮರು. ಅಲ್ಲಿಗೆ ಪ್ರಶ್ನೆ ಮುಗೀತು. ದೊಡ್ಡಪ್ಪನನ್ನು ಬೆಳಗ್ಗೆ ಬಿಟ್ಟರು, ಹುಡುಗನನ್ನು ಮೂರು ದಿನ ಇಟ್ಟುಕೊಂಡರು. ಏನೂ ಸಿಗಲಿಲ್ಲ, ಕಳಿಸಿದರು. ಯಾವ ಕೇಸೂ ಆಗಲಿಲ್ಲ.

ಆ ಎರಡನೇ ಪ್ರಶ್ನೆಗೆ ಸುಮಾರು ಇನ್ನೂರು ವರ್ಷದ ವಯಸ್ಸು. 1799ರ ಹೊತ್ತಿಗೆ ಬೆಂಗಳೂರಿನ ಹತ್ತಿರ ದಾರಿಗಳ್ಳರು ಅಂತ ಸುಮಾರು 100 ಜನರನ್ನು ಹಿಡಿದರು. ಪ್ರಯಾಣಿಕರ ಕುತ್ತಿಗೆಗೆ ಬಟ್ಟೆ ಬಿಗಿದು ಕೊಂದು ದೋಚುತ್ತಿದ್ದರು ಅನ್ನೋ ಆರೋಪ. 1816ರಲ್ಲಿ ಮದ್ರಾಸಿನ ಡಾಕ್ಟರ್ ಷೆರ್ವುಡ್ ಇವರ ಬಗ್ಗೆ ಲೇಖನ ಬರೆದರು. ಮುಂದೆ ಉತ್ತರದಲ್ಲಿ ಸ್ಲೀಮನ್ ಎಂಬ ಅಧಿಕಾರಿ ಥಗ್ಗರನ್ನು ಹಿಡಿಯೋ ಕಾರ್ಯಾಚರಣೆಯನ್ನೇ ನಡೆಸಿದ. 1836ರಲ್ಲಿ ಬಂದ ಕಾನೂನಿನಲ್ಲಿ ಒಂದು ಹೊಸ ಮಾತು ಸೇರಿತು: ಇಂಥ ಕೊಲೆ ಮಾಡಿದ್ದಾನೆ ಅಂತ ತೋರಿಸಬೇಕಾಗಿಲ್ಲ, ಥಗ್ಗರ ಗುಂಪಿಗೆ ಸೇರಿದವನು ಅಂತ ತೋರಿಸಿದರೆ ಸಾಕು, ಜೀವಾವಧಿ. ಏನು ಮಾಡಿದೆ ಅನ್ನೋ ಪ್ರಶ್ನೆಯ ಜಾಗಕ್ಕೆ ಯಾರವನು ಅನ್ನೋ ಪ್ರಶ್ನೆ ಬಂತು. 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಬಂದಾಗ ಅದು ಗುಂಪಿನಿಂದ ಇಡೀ ಸಮುದಾಯಗಳಿಗೆ ಹರಡಿತು.

ಈಗ ಉಪ್ಪು ಹೇರುತ್ತಿದ್ದ ಕೊರಮರ ಕಡೆಗೆ ಮತ್ತೆ ಬನ್ನಿ. ಅವರಲ್ಲಿ ಒಂದು ಪಂಗಡಕ್ಕೆ 'ಉಪ್ಪು ಕೊರಚ' ಅಂತಲೇ ಹೆಸರಿತ್ತು. ಉಪ್ಪು ಸರ್ಕಾರದ ಹಿಡಿತಕ್ಕೆ ಹೋಯಿತು. ರಸ್ತೆ ಬಂತು, ರೈಲು ಬಂತು. ನಮ್ಮ ಕಡೂರು, ಬೀರೂರು ದಾಟಿ ಹರಿಹರದವರೆಗಿನ ರೈಲು ಮಾರ್ಗ 1889ರಲ್ಲಿ ತೆರೆಯಿತು. ಅದಕ್ಕೆ ಮುಂಚೆ 1876–78ರ ಬರ ದನಕರುಗಳನ್ನೆಲ್ಲ ನುಂಗಿತ್ತು. ಒಂದು ಗೂಡ್ಸ್ ರೈಲು ತರೋ ಉಪ್ಪಿನ ಮುಂದೆ ಕತ್ತೆಯ ಬೆನ್ನಿನ ಎರಡು ಚೀಲ ಯಾವ ಲೆಕ್ಕ? ಮದ್ರಾಸ್ ಪ್ರಾಂತ್ಯದ ಕೊರವರ ಬಗ್ಗೆ ಇತಿಹಾಸಕಾರ್ತಿ ಮೀನಾ ರಾಧಾಕೃಷ್ಣ ಬರೆದಿರೋ ಪುಸ್ತಕ ಇದನ್ನೇ ವಿವರವಾಗಿ ತೋರಿಸುತ್ತೆ. ವ್ಯಾಪಾರ ಹೋಯಿತು, ಅಲೆದಾಟ ಉಳಿಯಿತು. ಕೆಲಸವಿಲ್ಲದೆ ಅಲೆಯುವವನು ಅಧಿಕಾರಿಯ ಕಣ್ಣಿಗೆ ಕಳ್ಳನಾಗಿ ಕಂಡ. 1911ರಲ್ಲಿ ಕಾಯ್ದೆ ಮದ್ರಾಸಿಗೂ ಬಂತು. ಮಾಲು ಸಾಗಿಸುತ್ತಿದ್ದವರ ಹೆಸರು ಮಾಲು ಕದಿಯುವವರ ಪಟ್ಟಿಗೆ ಏರಿತು. ಲಂಬಾಣಿಗಳಿಗೂ ಹಲವು ಕಡೆ ಇದೇ ಆಯಿತು. ಬಸ್ಸಲ್ಲಿ ಇರೋರು ಈ ಒಂದು ಮಾತಿಗೆ ಪಾಸ್ ಒತ್ತಿ ಒಂದು ನಿಮಿಷ ಯೋಚನೆ ಮಾಡಿ, ಆಮೇಲೆ ಮುಂದೆ ಕೇಳಿ.

ಹುಬ್ಬಳ್ಳಿಯಲ್ಲಿ, ಗದಗದಲ್ಲಿ 'ಸೆಟ್ಲ್‌ಮೆಂಟ್' ಅನ್ನೋ ಬಡಾವಣೆ ಹೆಸರು ಕೇಳಿರಬಹುದು. ಅದು ಸುಮ್ಮನೆ ಬಂದ ಹೆಸರಲ್ಲ. ಮುಂಬೈ ಪ್ರಾಂತ್ಯದ ಕಾಲದಲ್ಲಿ ಹೀಗೆ ಪಟ್ಟಿಗೆ ಸೇರಿದ ಕುಟುಂಬಗಳನ್ನು ಕೂಡಿಹಾಕಿದ್ದ ಜಾಗಗಳು ಅವು. ಹಾಜರಿ ಕೊಡಬೇಕು, ಚೀಟಿ ಇಲ್ಲದೆ ಊರು ಬಿಡೋ ಹಾಗಿಲ್ಲ. 1952ರ ಆಗಸ್ಟ್ 31ರಂದು ಆ ಕಾಯ್ದೆ ರದ್ದಾಯಿತು. ಅದಕ್ಕೇ ಆ ದಿನವನ್ನು ವಿಮುಕ್ತ ದಿನ ಅಂತ ಆಚರಿಸ್ತಾರೆ. ಕಾಯ್ದೆ ಹೋದರೂ ಬೇರೆ ಬೇರೆ ರಾಜ್ಯಗಳಲ್ಲಿ 'ರೂಢಿಗತ ಅಪರಾಧಿ' ಕಾಯ್ದೆಗಳು ಬಂದವು. ಜೈಲು ಕೈಪಿಡಿಗಳಲ್ಲಿ ವಿಮುಕ್ತ ಬುಡಕಟ್ಟುಗಳನ್ನು ಹುಟ್ಟಾ ಅಪರಾಧಿಗಳ ಹಾಗೆ ಕಾಣೋ ಸಾಲುಗಳು ಎಷ್ಟು ದಿನ ಇದ್ದವು ಗೊತ್ತಾ? 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಹೊಡೆದುಹಾಕೋವರೆಗೆ. ನಿಮ್ಮ ಕೈಲಿರೋ ಫೋನ್ ಅದಕ್ಕಿಂತ ಹಳೇದಿರಬಹುದು.

ಹಾಗಂತ ಡ್ರೈವರ್‌ಗಳು ಕದಿಯೋದೇ ಇಲ್ಲ ಅಂತ ನಾನು ವಕಾಲತ್ತು ಮಾಡ್ತಿಲ್ಲ. 2023ರ ಜುಲೈ ನೆನಪಿದೆಯಾ, ಟೊಮೆಟೊ ಚಿನ್ನ ಆಗಿದ್ದ ತಿಂಗಳು? ಕೋಲಾರದಿಂದ ಜೈಪುರಕ್ಕೆ ಹೊರಟ ಸುಮಾರು 21 ಲಕ್ಷದ ಟೊಮೆಟೊ ಲೋಡ್ ಕಾಣೆಯಾಯಿತು, ಡ್ರೈವರೇ ಗುಜರಾತಿನಲ್ಲಿ ಮಾರಿದ ಅಂತ ವರದಿ ಬಂತು. ಅದೇ ತಿಂಗಳು ಹಿರಿಯೂರಿನ ಕಡೆಯಿಂದ ಕೋಲಾರಕ್ಕೆ ಹೊರಟಿದ್ದ ಎರಡೂವರೆ ಟನ್ ಟೊಮೆಟೊ ವಾಹನವನ್ನು ಬೆಂಗಳೂರಿನಲ್ಲಿ ಅಡ್ಡಗಟ್ಟಿದರು. ನಮ್ಮ ಕಾರಿಗೆ ತಾಗಿಸಿದೆ ಅಂತ ಜಗಳ ತೆಗೆದು, ರೈತನನ್ನೂ ಡ್ರೈವರನ್ನೂ ಬೆದರಿಸಿ, ಗಾಡಿ ಸಮೇತ ಹೋದರು. ಸಿಕ್ಕಿಬಿದ್ದವರಲ್ಲಿ ತಮಿಳುನಾಡಿನ ಒಂದು ಜೋಡಿ ಇತ್ತು. 2021ರ ಆಗಸ್ಟ್‌ನಲ್ಲಿ ಮುಳಬಾಗಿಲು ಹತ್ತಿರ 6 ಕೋಟಿಗೂ ಹೆಚ್ಚು ಬೆಲೆಯ ಮೊಬೈಲ್ ಲೋಡ್ ದರೋಡೆ ಆದಾಗ ಡ್ರೈವರ್ ಏಟು ತಿಂದಿದ್ದ. ಮೂರು ಪ್ರಕರಣ, ಮೂರರಲ್ಲೂ ಡ್ರೈವರ್‌ನ ಪಾಲು ಬೇರೆ ಬೇರೆ. ವಿಚಾರಿಸದೆ ಗೊತ್ತಾಗಲ್ಲ. ಗಮನಿಸಿದ್ದೀರಾ, ಟೊಮೆಟೊ ಕದ್ದ ಜೋಡಿಯ ಸುದ್ದಿ ಓದುವಾಗ ಅವರದು ಯಾವ ಜನಾಂಗ ಅಂತ ಯಾರೂ ಕೇಳಲಿಲ್ಲ. ಫೋನ್ ಲಾರಿ ದರೋಡೆಗಳ ಸುದ್ದಿಯಲ್ಲಿ ಮಾತ್ರ 'ಕಂಜರ್ ಗ್ಯಾಂಗ್' ಅಂತ ಹೆಡ್‌ಲೈನ್ ಆಗುತ್ತೆ. ರೊಮೇನಿಯಾ ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಅದಕ್ಕೇ.

ಈಗ ಲಾರಿಗಳಿಗೆ ಜಿಪಿಎಸ್ ಇದೆ, ಕಂಟೇನರ್‌ಗೆ ಸೀಲ್ ಇದೆ, ಇನ್ಶೂರೆನ್ಸ್ ಇದೆ. 2013ರ ನವೆಂಬರ್‌ನಿಂದ ಕಡೂರು–ಚಿಕ್ಕಮಗಳೂರು ರೈಲೂ ನಮ್ಮೂರ ಮೇಲೆ ಹೋಗುತ್ತೆ. ಕಾಫಿ ಮಾತ್ರ ಇನ್ನೂ ಹೆಚ್ಚಾಗಿ ಲಾರಿಯಲ್ಲೇ ಘಾಟಿ ಇಳಿಯುತ್ತೆ.

ಈ ಎಪಿಸೋಡಿಗೆ ರೆಕಾರ್ಡ್ ಮಾಡೋಕೆ ಹೋದ ತಿಂಗಳು ದೊಡ್ಡಪ್ಪನ ಹತ್ತಿರ ಕೂತಿದ್ದೆ. ನಾನು 'ಒಂಬತ್ತು ಚೀಲ' ಅಂದೆ, ಅವರು 'ಏಳು' ಅಂತ ತಿದ್ದಿ, ಒಳಗೆ ಹೋಗಿ ಒಂದು ನೋಟ್‌ಬುಕ್ ತಂದರು. ಟ್ರಿಪ್ ಲೆಕ್ಕದ ಪುಸ್ತಕ, ಡೀಸೆಲ್ ಕಲೆ, ಮೂಲೆಗಳನ್ನು ಗೆದ್ದಲು ತಿಂದಿದೆ. ಪ್ರತಿ ತಿಂಗಳ ಕಡಿತ ಬರೆದಿದ್ದಾರೆ, ತೀರಿದ ಮೇಲೆ ಒಂದೊಂದಕ್ಕೂ ಗೀಟು ಹಾಕಿದ್ದಾರೆ. 2001ರ ಪುಟದಲ್ಲಿ ಕೊನೆಯ ಗೀಟು. ಅದರ ಕೆಳಗೆ ಇನ್ನೊಂದು ಸಾಲು, ಗೀಟು ಇಲ್ಲದ್ದು: 'ಹುಡುಗನ ಬಾಟಾ, 3 ದಿನ'.

'ಇದು ಯಾವುದು ದೊಡ್ಡಪ್ಪ?'

'ಠಾಣೆಯಲ್ಲಿ ಇದ್ದನಲ್ಲ, ಆ ಮೂರು ದಿನದ್ದು. ಯಜಮಾನ ಕೊಡಲ್ಲ ಅಂದ, ನಾನೇ ಕೊಡೋಣ ಅಂತ ಬರೆದಿಟ್ಟೆ. ಅವನು ಆಮೇಲೆ ಲಾರಿ ಹತ್ತಲೇ ಇಲ್ಲ ಕಣೋ. ಎರಡು ಸಲ ಮನೆ ಹತ್ತಿರ ಹೋದೆ, ಅವರಮ್ಮ ಬಾಗಿಲು ತೆಗೆಯಲಿಲ್ಲ.'

ನೋಟ್‌ಬುಕ್ ಮುಚ್ಚಿ ಅದಕ್ಕೆ ರಬ್ಬರ್ ಬ್ಯಾಂಡ್ ಹಾಕಿದರು. ನಾನು ರೆಕಾರ್ಡಿಂಗ್ ನಿಲ್ಲಿಸಿದೆ.